ಎಲ್ಲರೂ ಸೇರಿ ಹೊಸ ಸಂಗೀತ ಕಟ್ಟೋಕೆ ಹೋದರೆ ಗದ್ದಲ ಆಗಲ್ವಾ?

ನಿಮ್ಮೂರಲ್ಲಿ ಡೊಳ್ಳಿನವರು, ಭಜನೆ ಮಂಡಳಿ, ತಬಲಾ ಕಲಿಯುವ ಮಕ್ಕಳು, ಗಿಟಾರ್ ಹುಡುಗರು ಎಲ್ಲರೂ ಇದ್ದಾರೆ, ಯಾರು ಬೇಕಾದರೂ ಬರಬಹುದಾದ ಕಾರ್ಯಾಗಾರ ಇಡಬೇಕು, ಆದರೆ ಗದ್ದಲದ ಭಯ ಅಂತ ಕೇಳಿದ್ದೀರಿ.

ಗದ್ದಲ ಆಗುತ್ತದೆ. ಮೊದಲ ಅರ್ಧ ಗಂಟೆ ಆಗಲಿ ಬಿಡಿ. ಇಂಥ ಕಡೆ ಹಾರ್ಮೋನಿಯಂ ಹಿಡಿದು ಕೂರುವವನು ನಾನು. ಯಾರಾದರೂ ರಾಗ, ಹಾಡು ಎಲ್ಲ ಮೊದಲೇ ಗೊತ್ತು ಮಾಡಿಕೊಂಡು ಬಂದರೆ ನನಗೆ ಜಾಸ್ತಿ ಭಯ. ಆಗ ಡೊಳ್ಳಿನವರಿಗೆ ಉಳಿಯುವುದು ನಡುನಡುವೆ ಸುಮ್ನೆ ನಾಲ್ಕು ಪೆಟ್ಟು ಹಾಕುವ ಕೆಲಸ. ಅದನ್ನು ಹೊಸ ಸಂಗೀತ ಅನ್ನೋದು ಹೇಗೆ?

ಅದಕ್ಕೇ ಮೊದಲ ಗತ್ತು, ಅಂದರೆ ತಾಳದ ಪೆಟ್ಟುಗಳ ಜೋಡಣೆ, ಡೊಳ್ಳಿನವರಿಂದಲೇ ಬರಲಿ. ವಾದ್ಯ ಮುಟ್ಟುವ ಮೊದಲು ಎಲ್ಲರೂ ಅದನ್ನು ಬಾಯಲ್ಲಿ ಹೇಳಲಿ. ಎಷ್ಟು ಮಾತ್ರೆ (ತಾಳದ ಎಣಿಕೆ) ಅಂತ ಅವರನ್ನು ಕೇಳಬೇಡಿ. ಕೈಯಲ್ಲಿ ಇರುವುದಕ್ಕೆ ಲೆಕ್ಕ ಒಪ್ಪಿಸಬೇಕಿಲ್ಲ. ಗತ್ತು ಏಳು ಮಾತ್ರೆಗೆ ಬಂದರಂತೂ ಅದೃಷ್ಟ. ಹಿಂದೂಸ್ತಾನಿಯ ರೂಪಕ್ ತಾಳ, ಕರ್ನಾಟಕ ಸಂಗೀತದ ಮಿಶ್ರಛಾಪು ತಾಳ ಎರಡರಲ್ಲೂ 3+2+2 ವಿಭಾಗ ಇದೆ. ತಬಲಾದವರೂ ಮೃದಂಗದವರೂ ಅಲ್ಲಿ ಬೇಗ ಕೂಡುತ್ತಾರೆ. ರೂಪಕ್‌ನಲ್ಲಿ ಸಮ್ (ತಾಳದ ಸುತ್ತಿನ ಮೊದಲ ಮಾತ್ರೆ) ಬರುವುದು ಖಾಲಿಯ ಮೇಲೆ, ಅಂದರೆ ಚಪ್ಪಾಳೆ ಹಾಕದೆ ಕೈ ಬೀಸುವ ಜಾಗದಲ್ಲಿ. ಅದೊಂದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಮೃದಂಗದವರು ತಬಲಾದವರ ಮುಖ ನೋಡುತ್ತಾ ಕೂರುತ್ತಾರೆ.

ಶ್ರುತಿಯದು ನಿಜವಾದ ತಲೆನೋವು. ಸಾಮಾನ್ಯವಾಗಿ ಹೆಂಗಸರು ಐದು ಮನೆಗೆ (ಹಾರ್ಮೋನಿಯಂನ ಐದನೇ ಬಿಳಿ ಮನೆಯ ಶ್ರುತಿಗೆ) ಹಾಡುತ್ತಾರೆ, ಗಂಡಸರು ಒಂದಕ್ಕೆ. ಕೊಳಲಿನ ಶ್ರುತಿ ಬದಲಾಗಬೇಕೆಂದರೆ ಬೇರೆ ಕೊಳಲೇ ಬೇಕು. ಬಗ್ಗಿಸೋಕೆ ಆಗದ ವಾದ್ಯ ಯಾವುದೋ ಅದರ ಶ್ರುತಿ ಹಿಡಿಯಿರಿ. ಹಾಡುವವರು ಬೇಕಾದರೆ ಅದರ ಮಧ್ಯಮವನ್ನೋ (ಮ) ಪಂಚಮವನ್ನೋ (ಪ) ತಮ್ಮ ಷಡ್ಜ (ಸ) ಮಾಡಿಕೊಳ್ಳಲಿ.

ಎಲ್ಲರನ್ನೂ ಒಂದೇ ಮಟ್ಟಕ್ಕೆ ತರಬೇಕಾ ಅಂದರೆ, ಬೇಕಿಲ್ಲ. ಅಮೆರಿಕದ ಸಂಗೀತ ಸಂಯೋಜಕ ಟೆರ್ರಿ ರೈಲಿ 1964ರಲ್ಲಿ 'ಇನ್ ಸಿ' ಅನ್ನೋ ಕೃತಿ ಬರೆದರು. 53 ಪುಟ್ಟ ಸ್ವರಗುಚ್ಛಗಳು ಅಷ್ಟೆ. ಯಾವ ವಾದ್ಯವಾದರೂ ಸರಿ. ಪ್ರತಿಯೊಂದನ್ನೂ ಬೇಕಾದಷ್ಟು ಸಲ ನುಡಿಸಿ ಮುಂದಕ್ಕೆ ಹೋಗಬಹುದು, ಆದರೆ ಅಕ್ಕಪಕ್ಕದವರಿಂದ ತೀರಾ ದೂರ ಹೋಗಬಾರದು. ಮಾಲಿ ದೇಶದ ಕಲಾವಿದರು ಇದನ್ನೇ ಕೋರಾ (ತಂತಿವಾದ್ಯ), ಬಾಲಫೋನ್ (ಮರದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ) ಹಿಡಿದು ನುಡಿಸಿದ ಧ್ವನಿಮುದ್ರಣ 2014ರಲ್ಲಿ ಬಂತು. ಸಿಕ್ಕರೆ ಕೇಳಿ. ನಿಮ್ಮ ಕಡೆ ಭಜನೆಯ ಐದಾರು ಸಾಲುಗಳ ಮಟ್ಟು ತೆಗೆದುಕೊಂಡು ಇದೇ ನಿಯಮ ಹಾಕಿ ನೋಡಿ. ಕಲಿಯುವ ಮಗು ಒಂದೇ ಸಾಲಿನಲ್ಲಿ ನಿಂತರೂ ಕೆಡುವುದಿಲ್ಲ.

ಜಾಗ ಬಯಲಾಗಿದ್ದರೆ ಒಳ್ಳೆಯದು. ತಗಡಿನ ಹಾಲ್‌ನಲ್ಲಿ ಎರಡು ಡೊಳ್ಳು ಎದ್ದರೆ ಗಿಟಾರ್ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಕೊನೆಗೆ ಹೆಸರು ಮತ್ತು ದುಡ್ಡು. ಇದನ್ನು ಮೊದಲ ದಿನವೇ ಮಾತಾಡಿ. ಸ್ವರಲಿಪಿಯಲ್ಲಿ ಬರೆದವನೇ ಸಂಗೀತ ಸಂಯೋಜಕ ಅಂತ ನಮ್ಮ ಕಾಪಿರೈಟ್ ಕಾನೂನು ಹೇಳುವುದಿಲ್ಲ. ಬರೆಯದೆ ಕಟ್ಟಿದವರೂ ಸಂಯೋಜಕರೇ. ಹಾಗಾಗಿ ಗತ್ತು ಕೊಟ್ಟ ಡೊಳ್ಳಿನವರ ಹೆಸರು 'ಸಹಕಾರ' ಅನ್ನೋ ಪಟ್ಟಿಗೆ ಹೋಗಬಾರದು, ಸಂಯೋಜಕರ ಸಾಲಿನಲ್ಲೇ ಇರಬೇಕು. ಒಂದು ಹಾಳೆಯಲ್ಲಿ ಬರೆದು, ಎಲ್ಲರಿಗೂ ಓದಿ ಹೇಳಿ ಸಹಿ ಹಾಕಿಸಿ. ದಿನಗೂಲಿ ಬಿಟ್ಟು ಬರುವವರಿಗೆ ಅವತ್ತಿನ ಕೂಲಿ ಅವತ್ತೇ ಕೊಡಿ, ರೆಕಾರ್ಡಿಂಗ್ ಮಾರಾಟ ಆಗಲಿ ಅಂತ ಕಾಯಿಸಬೇಡಿ.