ಬೆಂಕಿ ಆರಿಸೋಕೆ ಹೋಗುವ ಮಗನನ್ನು ತಡೆಯಲೇ?

ಚಿತ್ರದುರ್ಗದ ತಾಯಿಯೊಬ್ಬರು ಬರೆದಿದ್ದಾರೆ: “ಜೋಗಿಮಟ್ಟಿ ಕಾಡಿಗೆ ಬೆಂಕಿ ಬಿತ್ತು ಅಂದ್ರೆ ಸಾಕು, ಮಗ ಅಂಗಡಿ ಮುಚ್ಚಿ ಓಡುತ್ತಾನೆ. ಸಂಬಳವಿಲ್ಲ. ಹಂಗಾದ್ರೆ ಯಾಕೆ ಹೋಗ್ತಾನೆ? ಕಳೆದ ಸಲ ಬಂದವನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಕೇಳಿದರೆ ‘ಏನಿಲ್ಲಮ್ಮ’ ಅಂತಾನೆ. ಹೋಗಬೇಡ ಅನ್ನಲೇ?”

ತಾಯಿ, ತಡೆಯಬೇಡಿ. ಆದರೆ ಆ ‘ಏನಿಲ್ಲಮ್ಮ’ ಅನ್ನೋದನ್ನ ನಂಬಬೇಡಿ.

ದೂರದ ಚಿಲಿ ದೇಶದಲ್ಲಿ ಊರೂರಿನ ಅಗ್ನಿಶಾಮಕ ದಳದವರು ಸಂಬಳವಿಲ್ಲದ ಸ್ವಯಂಸೇವಕರೇ. ನಮ್ಮಲ್ಲಿ ಅಗ್ನಿಶಾಮಕ ಠಾಣೆ ಸರ್ಕಾರದ್ದು. ಆದರೆ ಕಡಿದಾದ ಗುಡ್ಡಕ್ಕೆ ನೀರಿನ ಗಾಡಿ ಹತ್ತುವುದಿಲ್ಲ. ಗಾಳಿ ಜೋರು ಅಂತಲೇ ಗಾಳಿಯಂತ್ರಗಳನ್ನು ನೆಟ್ಟಿರುವ ಗುಡ್ಡಸಾಲು ಅದು. ಬೇಸಿಗೆಯ ಒಣಹುಲ್ಲಿಗೆ ಅಂಥ ಗಾಳಿ ಸೇರಿದರೆ ಕೇಳಬೇಕೆ? ಅಲ್ಲಿ ಬೇಕಾಗಿರೋದು ಆಳು. ಅರಣ್ಯ ಸಿಬ್ಬಂದಿಯ ಜೊತೆ ಸಾಲಾಗಿ ನಿಂತು, ಹಸಿ ಕೊಂಬೆಯಿಂದ ಬೆಂಕಿಯ ಅಂಚನ್ನು ಬಡಿಯುತ್ತಾರೆ. ಬೀಸಿ ಹೊಡೆದರೆ ಕಿಡಿ ಹಾರುತ್ತದೆ. ಹಾಗಾಗಿ ಬಡಿದು, ಅಲ್ಲೇ ಒತ್ತಿ ಹಿಡಿಯಬೇಕು. ಪಕ್ಕದವನು ಜಾಗ ಬಿಟ್ಟರೆ ಬೆಂಕಿ ಅಲ್ಲಿಂದಲೇ ನುಗ್ಗುತ್ತದೆ. ಹೀಗೆ ಒಬ್ಬರನ್ನೊಬ್ಬರು ನೆಚ್ಚಿ ನಿಂತ ಹುಡುಗರಿಗೆ, ಮತ್ತೆ ಫೋನು ಬಂದಾಗ ಮನೆಯಲ್ಲಿ ಕೂರೋಕೆ ಮನಸ್ಸಾಗಲ್ಲ. ನಮ್ಮೂರ ಕಾಡು ಅನ್ನುವ ಪ್ರೀತಿ ಇದ್ದೇ ಇರುತ್ತದೆ. ಆದರೂ ಜೊತೆಯವರ ಸೆಳೆತವೇ ಜಾಸ್ತಿ ಅಂತ ನನಗನ್ನಿಸುತ್ತದೆ.

ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಓಡಲಾರದ ಮರಿಗಳು, ನೆಲದ ಗೂಡಿನ ಮೊಟ್ಟೆಗಳು ಸುಟ್ಟು ಬಿದ್ದಿರೋದನ್ನ ಅವರು ನೋಡುತ್ತಾರೆ. ಅದು ಊಟದ ಹೊತ್ತಿಗೆ ಕಣ್ಮುಂದೆ ಬರುತ್ತದೆ, ನಿದ್ದೆಯಲ್ಲೂ ಬರುತ್ತದೆ. ಅಮ್ಮನ ಹತ್ತಿರ ಹೇಳಿಕೊಂಡರೆ ಗಾಬರಿಯಾಗ್ತಾಳೆ ಅಂತ ನುಂಗಿಕೊಂಡಿರುತ್ತಾನೆ. ನೀವು ಕೆದಕಿ ಕೇಳಬೇಡಿ. ಅವನ ಜೊತೆ ಹೋದವರನ್ನು ಮನೆಗೆ ಕರೆದು ಊಟಕ್ಕೆ ಕೂರಿಸಿ. ಅವರವರಲ್ಲೇ ಮಾತು ತಾನಾಗಿ ಬರುತ್ತದೆ. ವಾರಗಟ್ಟಲೆ ನಿದ್ದೆ ಬರದಿದ್ದರೆ, ಸುಮ್ಸುಮ್ನೆ ಬೆಚ್ಚಿಬೀಳುತ್ತಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿಸಿ. ಸರ್ಕಾರದ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹೊಗೆಯನ್ನೂ ಹಗುರವಾಗಿ ತಗೋಬೇಡಿ. ಅಗ್ನಿಶಾಮಕ ವೃತ್ತಿಯಿಂದ ಕ್ಯಾನ್ಸರ್ ಬರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಹೇಳಿದೆ. ಮಸಿ ಹಿಡಿದ ಬಟ್ಟೆಯನ್ನು ಹೊರಗೇ ಬಿಚ್ಚಿಸಿ, ಬೇರೆಯಾಗಿ ಒಗೆಯಿರಿ. ಕೆಮ್ಮು ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಇನ್ನು ಅವನಿಗೆ ಒಂದು ಮಾತು. ಪಾಲಿಯೆಸ್ಟರ್ ಅಂಗಿ ಬೆಂಕಿಗೆ ಕರಗಿ ಮೈಗೆ ಅಂಟುತ್ತೆ, ಹತ್ತಿ ಬಟ್ಟೆಯನ್ನೇ ಹಾಕು. ಚಪ್ಪಲಿಯಲ್ಲಿ ಹೋಗಲೇಬೇಡ. ಬೆಂಕಿ ಇಳಿಜಾರನ್ನು ಬಲು ಬೇಗ ಏರುತ್ತೆ, ಅದರ ಮೇಲ್ಗಡೆ ನಿಲ್ಲಬೇಡ. ಮುಂದಿನ ಬೇಸಿಗೆಗೆ ಮುಂಚೆ ಗೆಳೆಯರೆಲ್ಲ ಅರಣ್ಯ ಕಚೇರಿಗೆ ಹೋಗಿ ಹೆಸರು ಬರೆಸಿ, ತರಬೇತಿ, ಬೂಟು, ವಿಮೆ ಕೊಡಿ ಅಂತ ಬರವಣಿಗೆಯಲ್ಲೇ ಕೇಳಿ. ಪುಕ್ಕಟೆ ದುಡಿಯುವವರು ಇಷ್ಟು ಕೇಳೋದರಲ್ಲಿ ಸಂಕೋಚ ಬೇಡ.