ಬೇರಿಂಗ್ ಬದಲಿಸಿದರೂ ಚಕ್ರದ ‘ಸರ್ ಸರ್’ ಹೋಗಿಲ್ಲ

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಏಳು ವರ್ಷದ ಹಳೆಯ ಪೆಟ್ರೋಲ್ ಕಾರು ಇದೆ. ಈ ಮಳೆಗಾಲದಲ್ಲಿ ತೋಟದ ದಾರಿಯ ಕೆಸರಲ್ಲಿ ಹೂತು, ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಬೇಕಾಯಿತು. ಅವತ್ತಿನಿಂದ ಮುಂದಿನ ಎಡ ಚಕ್ರದ ಕಡೆ ಏನೋ ಉಜ್ಜಿದ ಹಾಗೆ ‘ಸರ್... ಸರ್...’ ಅಂತ ಸದ್ದು. ನಿಧಾನಕ್ಕೆ ಹೋಗುವಾಗ ಚೆನ್ನಾಗಿ ಕೇಳುತ್ತದೆ. ಬ್ರೇಕ್ ಒತ್ತಿದರೂ ಸದ್ದು ಬದಲಾಗುವುದಿಲ್ಲ. ಗ್ಯಾರೇಜಿನಲ್ಲಿ ವೀಲ್ ಬೇರಿಂಗ್ ಅಂದರು, ಬದಲಿಸಿದೆವು. ಎರಡು ದಿನ ಸುಮ್ಮನಿತ್ತು, ಮತ್ತೆ ಶುರು. ಮುಂದಿನ ವಾರ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು. ಹೋಗಬಹುದಾ ಸರ್?

ಉತ್ತರ: ನೀವು ಬರೆದಿರುವುದು ನೋಡಿದರೆ ಅದು ಬೇರಿಂಗಿನ ಸದ್ದಲ್ಲ. ಬೇರಿಂಗ್ ಹಾಳಾದರೆ ‘ಗೂಂ’ ಅನ್ನುತ್ತದೆ, ದೂರದಲ್ಲಿ ವಿಮಾನ ಹೋದ ಹಾಗೆ. ನಿಧಾನದಲ್ಲಿ ಅಷ್ಟಾಗಿ ಕೇಳದು, ವೇಗ ಏರಿದಷ್ಟೂ ಏರುತ್ತದೆ. ತಿರುವಿನಲ್ಲಿ ಇನ್ನೂ ಸ್ಪಷ್ಟ: ಎಡಕ್ಕೆ ತಿರುಗಿದಾಗ ಭಾರ ಬಲ ಚಕ್ರಕ್ಕೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಹೆಚ್ಚಾಗಿ ಬಲಗಡೆಯ ಬೇರಿಂಗ್ ಹೋಗಿರುತ್ತದೆ. ನಿಮ್ಮದು ನಿಧಾನದಲ್ಲೇ ಬರುವ ಸದ್ದು, ಅದೂ ಬಿಟ್ಟು ಬಿಟ್ಟು.

ನನ್ನ ಅನುಮಾನ ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕಿನ ಹಿಂದೆ ಇರುವ ತೆಳು ತಗಡಿನ ಮೇಲೆ. ಮೆಕ್ಯಾನಿಕ್‌ಗಳು ಡಸ್ಟ್ ಕವರ್ ಅಂತಾರೆ. ತಟ್ಟೆಯಂಥ ತಗಡು ಅದು, ಬೆರಳಲ್ಲಿ ಒತ್ತಿದರೂ ಬಾಗುತ್ತದೆ. ಡಿಸ್ಕಿಗೂ ಅದಕ್ಕೂ ನಡುವೆ ಇರುವುದು ಕೆಲವೇ ಮಿಲಿಮೀಟರ್ ಜಾಗ. ಕೆಸರಲ್ಲಿ ಹೂತ ಕಾರನ್ನು ಎಳೆದಾಗ ಮಣ್ಣು, ಕಲ್ಲು ಒತ್ತಿ ಅದರ ಅಂಚು ಒಳಕ್ಕೆ ಬಾಗಿರಬೇಕು. ಇಲ್ಲವೇ ಒಂದು ಸಣ್ಣ ಜಲ್ಲಿ ಒಳಗೇ ಕೂತಿರಬೇಕು. ಎರಡು ದಿನ ಸದ್ದು ಯಾಕೆ ನಿಂತಿತ್ತು ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಬೇರಿಂಗ್ ಹಾಕಲು ಡಿಸ್ಕ್ ಬಿಚ್ಚಿದಾಗ ಕೈ ತಾಗಿ ತಗಡು ಒಂಚೂರು ಸರಿದಿರುತ್ತದೆ. ಮತ್ತೆ ತೋಟದ ಗುಂಡಿಗಳಲ್ಲಿ ಎದ್ದು ಬಿದ್ದ ಮೇಲೆ ಹಳೆಯ ಜಾಗಕ್ಕೆ ಬಂದಿದೆ.

ಆದರೂ ನನ್ನ ಮಾತು ನಂಬಿ ಕೂರಬೇಡಿ, ನೀವೇ ಕೇಳಿ ನೋಡಿ. ಬಿಚ್ಚುವ ಮೊದಲು ಕಿವಿಗೆ ಕೆಲಸ ಕೊಡಬೇಕು. ನಮ್ಮ ಕಡೆ ಇದಕ್ಕೆ ಒಳ್ಳೆ ಅನುಕೂಲ ಇದೆ, ಬರೆ, ಅಂದರೆ ರಸ್ತೆ ಬದಿಯ ಎತ್ತರದ ಮಣ್ಣಿನ ದಿಬ್ಬ! ರಸ್ತೆ ಮಟ್ಟಸವಾಗಿದ್ದು ಎಡಗಡೆ ಬರೆ ಎದ್ದಿರುವ ಕಡೆ, ಎಡ ಕಿಟಕಿ ಇಳಿಸಿ ನಿಧಾನಕ್ಕೆ ಹೋಗಿ. ಚಕ್ರದ ಸದ್ದು ಬರೆಗೆ ಬಡಿದು ವಾಪಸ್ ಬರುತ್ತದೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಸಣ್ಣ ಕಾರಿನ ಚಕ್ರ 10 ಸೆಕೆಂಡಿಗೆ ಸುಮಾರು 14 ಸುತ್ತು ಹೊಡೆಯುತ್ತದೆ. ‘ಸರ್’ ಕೂಡ ಅಷ್ಟೇ ಸಲ ಬಂದರೆ ಸುತ್ತಿಗೊಂದು ಸಲ ತಾಗುತ್ತಿದೆ ಅಂತ ಲೆಕ್ಕ. ಒಂದು ಸಲ ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಮಾತ್ರ ಆಫ್ ಮಾಡಬೇಡಿ, ಬ್ರೇಕ್ ಗಟ್ಟಿಯಾಗಿಬಿಡುತ್ತದೆ. ಆಗಲೂ ಸದ್ದು ಹಾಗೇ ಇದ್ದರೆ ಎಂಜಿನ್ನಿಗೆ ಸಂಬಂಧ ಇಲ್ಲ.

ಆಮೇಲೆ ಅಂಗಳದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಒಂದು ಸುತ್ತು ಬನ್ನಿ. ಆಗ ಮಾತ್ರ ಉಜ್ಜಿದರೆ ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನಿಂಗ್ ಕಿತ್ತು ಟೈರಿಗೆ ತಾಗುತ್ತಿದೆ. ಉಜ್ಜಿದ ಜಾಗ ಮಿರಮಿರ ಹೊಳೆಯುತ್ತಿರುತ್ತದೆ, ಟಾರ್ಚ್ ಹಾಕಿದರೆ ಸಾಕು. ‘ಕಟಕಟ’ ಅಂದರೆ ವಿಷಯ ಬೇರೆ, ಚಕ್ರವನ್ನು ತಿರುಗಿಸುವ ಡ್ರೈವ್ ಶಾಫ್ಟಿನ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿದೆಯಾ ನೋಡಿಸಿ.

ಇಷ್ಟಾದ ಮೇಲೆ ಜಾಕಿ. ನೆಲ ಮಟ್ಟಸವಾಗಿರಲಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಕಾರಿನ ಅಡಿಗೆ ಮಾತ್ರ ಹೋಗಲೇಬೇಡಿ. ನ್ಯೂಟ್ರಲ್‌ನಲ್ಲಿ ಚಕ್ರ ಕೈಯಲ್ಲಿ ತಿರುಗಿಸಿ. ಬ್ರೇಕ್ ಪ್ಯಾಡ್ ಡಿಸ್ಕನ್ನು ಸ್ವಲ್ಪ ಸವರುವುದು ಮಾಮೂಲಿ. ಅದೇ ಸುತ್ತಿನಲ್ಲಿ ಒಂದೇ ಜಾಗದಲ್ಲಿ ‘ಸರ್’ ಅಂದರೆ ಅಲ್ಲಿಗೆ ನಿಲ್ಲಿಸಿ, ಟಾರ್ಚ್ ಹಾಕಿ ಒಳಗೆ ನೋಡಿ. ತಗಡು ಡಿಸ್ಕಿಗೆ ತಾಗಿದ್ದರೆ ಡಿಸ್ಕಿನ ಮೇಲೆ ಹೊಸ ಗೆರೆಯೂ ಕಾಣುತ್ತದೆ. ಡಿಸ್ಕ್ ತಣ್ಣಗಿರುವಾಗ ಸ್ಕ್ರೂ ಡ್ರೈವರಿನಿಂದ ತಗಡನ್ನು ಮೆಲ್ಲಗೆ ಆಚೆಗೆ ಮೀಟಿದರೆ ಮುಗಿಯಿತು. ಜಲ್ಲಿ ಸಿಕ್ಕಿದ್ದರೆ ಕೆಲವೊಮ್ಮೆ ಕಾರನ್ನು ನಾಲ್ಕು ಮಾರು ರಿವರ್ಸ್ ತೆಗೆದರೇ ಉದುರುತ್ತದೆ.

ಹಾಗೇ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿ. ಕಟಕ್ ಅಂತ ಆಡಿದರೆ ಬೇರಿಂಗನ್ನು ಸರಿಯಾಗಿ ಕೂರಿಸಿಲ್ಲ, ಅಥವಾ ಬಾಲ್ ಜಾಯಿಂಟ್ ಹೋಗಿದೆ. ಬ್ರೇಕ್ ಪ್ಯಾಡ್ 3 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಬದಲಿಸಿಬಿಡಿ.

ನಾನು ಕೇಳಬೇಕಾದ್ದು ಇನ್ನೊಂದಿದೆ. ಟ್ರ್ಯಾಕ್ಟರಿನ ಹಗ್ಗ ಎಲ್ಲಿಗೆ ಕಟ್ಟಿದ್ದರು? ಅವಸರದಲ್ಲಿ ಎಲ್ಲರೂ ಕೈಗೆ ಸಿಕ್ಕ ಲೋವರ್ ಆರ್ಮಿಗೇ, ಅಂದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳಿಗೇ, ಬಿಗಿಯುತ್ತಾರೆ. ಅದು ಬಾಗಿದರೆ ಅಲೈನ್‌ಮೆಂಟ್ ಹೋಗುತ್ತದೆ, ಟೈರು ಒಂದೇ ಕಡೆ ಸವೆಯುತ್ತದೆ. ಅದಕ್ಕೆಂದೇ ತುಂಬಾ ಕಾರುಗಳಲ್ಲಿ ಜಾಕಿಯ ಜೊತೆ ಒಂದು ಕೊಕ್ಕೆ ಕೊಟ್ಟಿರುತ್ತಾರೆ. ಬಂಪರಿನ ಸಣ್ಣ ಮುಚ್ಚಳ ತೆಗೆದು ಒಳಗೆ ತಿರುಗಿಸಿ ಹಾಕುವುದು. ಅದು ಸ್ಟೆಪ್ನಿಯ ಹತ್ತಿರ ಹೊಸದಾಗಿಯೇ ಮಲಗಿರುತ್ತದೆ, ಪಾಪ. ಹಗ್ಗ ಆರ್ಮಿಗೆ ಕಟ್ಟಿದ್ದರೆ ಅಲೈನ್‌ಮೆಂಟ್ ನೋಡಿಸಿ.

ಇನ್ನು ಘಾಟಿ. ತಗಡಿನದೇ ತೊಂದರೆ, ಅದು ಸರಿಯಾಯಿತು ಅಂದರೆ ಧಾರಾಳವಾಗಿ ಹೋಗಿ. ಆದರೆ ಹೊರಡುವ ಮೊದಲು, ಬ್ರೇಕ್ ಜಾಸ್ತಿ ಬಳಸದೆ ಮಟ್ಟಸ ರಸ್ತೆಯಲ್ಲಿ ಐದಾರು ಕಿಲೋಮೀಟರ್ ಹೋಗಿ ಬನ್ನಿ. ಇಳಿದು ಮುಂದಿನ ಎರಡೂ ಚಕ್ರಗಳ ಹತ್ತಿರ ಅಂಗೈಯ ಹಿಂಬದಿ ಹಿಡಿಯಿರಿ, ಮುಟ್ಟಬೇಡಿ. ಎಡದ್ದು ಮಾತ್ರ ಕೆಂಡದ ಹಾಗಿದ್ದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ಹಿಡಿದುಕೊಂಡು ಪ್ಯಾಡ್ ಬಿಡುತ್ತಿಲ್ಲ. ಸುಟ್ಟ ವಾಸನೆ ಬಂದರೂ, ಬ್ರೇಕ್ ಹಿಡಿದಾಗ ಕಾರು ಒಂದು ಕಡೆ ಎಳೆದರೂ ಘಾಟಿ ಬೇಡ, ಮೊದಲು ರಿಪೇರಿ.

ಪ್ರಶ್ನೆ: ಮಳೆಗಾಲದಲ್ಲಿ ಬೆಳಗ್ಗೆ ಕಾರು ತೆಗೆದರೆ ‘ಕರ್ರ್’ ಅನ್ನುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಕೆಲವು ದಿನ ಹಿಂದಿನ ಚಕ್ರ ‘ಟಪ್’ ಅಂದ ಮೇಲೇ ಬಿಡುತ್ತದೆ. – ಸೋಮವಾರಪೇಟೆ ಓದುಗರು

ಉತ್ತರ: ‘ಕರ್ರ್’ ಅನ್ನುವುದು ರಾತ್ರಿ ಡಿಸ್ಕಿನ ಮೇಲೆ ಹಿಡಿದ ತುಕ್ಕು. ನಾಲ್ಕೈದು ಸಲ ಬ್ರೇಕ್ ಹಿಡಿದರೆ ಪ್ಯಾಡೇ ಅದನ್ನು ಒರೆಸಿ ಹಾಕುತ್ತದೆ, ಚಿಂತೆ ಬೇಡ. ‘ಟಪ್’ ಅನ್ನುವುದು ಒದ್ದೆಯಾಗಿದ್ದಾಗಲೇ ಹ್ಯಾಂಡ್ ಬ್ರೇಕ್ ಹಾಕಿಟ್ಟು, ಹಿಂದಿನ ಚಕ್ರದ ಬ್ರೇಕ್ ಲೈನರ್ ಅದರ ಡ್ರಮ್ಮಿಗೆ ಅಂಟಿದ್ದು. ಮಟ್ಟಸ ಜಾಗ ಇದ್ದರೆ ರಾತ್ರಿ ಹ್ಯಾಂಡ್ ಬ್ರೇಕ್ ಬಿಟ್ಟು ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಬೆಳಗ್ಗೆ ಆ ಕಲ್ಲು ತೆಗೆಯಲು ಮರೆಯಬೇಡಿ, ನಾನು ಎರಡು ಸಲ ಮರೆತಿದ್ದೇನೆ.