ಯಾವ ಕೆಲಸವನ್ನು ಹೊರಗುತ್ತಿಗೆಗೆ ಕೊಡಬಹುದು?

ಪ್ರಶ್ನೆ: ನಾನು ವಿದ್ಯುತ್ ಉಪಕರಣಗಳನ್ನು ತಯಾರಿಸುವ ಸಣ್ಣ ಉದ್ದಿಮೆಯೊಂದನ್ನು ನಡೆಸುತ್ತಿದ್ದೇನೆ. ಸಂಬಳದ ಲೆಕ್ಕ, ಸರಕು ಸಾಗಣೆ, ಗ್ರಾಹಕರ ದೂರುಗಳ ನಿರ್ವಹಣೆ, ಬಿಡಿಭಾಗಗಳ ತಯಾರಿಕೆ ಎಲ್ಲವನ್ನೂ ಹೊರಗುತ್ತಿಗೆಗೆ ಕೊಟ್ಟರೆ ಖರ್ಚು ಬಹಳ ತಗ್ಗುತ್ತದೆ ಎಂದು ನನ್ನ ಪಾಲುದಾರರು ಒತ್ತಾಯಿಸುತ್ತಿದ್ದಾರೆ. ನನಗೆ ಧೈರ್ಯ ಸಾಲುತ್ತಿಲ್ಲ. ಇದರ ಸಾಧಕ ಬಾಧಕಗಳನ್ನು ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪಾಲುದಾರರ ಮಾತಿನಲ್ಲಿ ಹುರುಳಿದೆ, ಆದರೆ ಈ ನಾಲ್ಕೂ ಕೆಲಸಗಳನ್ನು ಒಂದೇ ಬಗೆಯವೆಂದು ಎಣಿಸಲಾಗದು. ಸಂಬಳದ ಲೆಕ್ಕ ಮತ್ತು ಸಾಗಣೆಯನ್ನು ನೀವು ಹೆಚ್ಚು ಅಂಜಿಕೆಯಿಲ್ಲದೆ ಹೊರಗೆ ಕೊಡಬಹುದು. ಅನೇಕ ಉದ್ದಿಮೆಗಳಿಗೆ ಅದೇ ಕೆಲಸವನ್ನು ಮಾಡಿಕೊಡುವ ಸಂಸ್ಥೆಯು ತಂತ್ರಾಂಶ, ವಾಹನ ಮತ್ತು ಪರಿಣತರ ವೆಚ್ಚವನ್ನು ಎಲ್ಲರ ಮೇಲೆ ಹಂಚುವುದರಿಂದ ನಿಮಗಿಂತ ಅಗ್ಗವಾಗಿ, ಬಹುಮಟ್ಟಿಗೆ ಅಚ್ಚುಕಟ್ಟಾಗಿಯೂ ಮಾಡಬಲ್ಲದು; ಬೇಡಿಕೆ ಕುಸಿದಾಗ ಸುಮ್ಮನೆ ನಿಂತ ವಾಹನದ ಖರ್ಚೂ ನಿಮ್ಮ ಮೇಲೆ ಬೀಳುವುದಿಲ್ಲ.

ಆದರೆ ಉಳಿತಾಯವನ್ನು ದರಪಟ್ಟಿಯಿಂದ ಮಾತ್ರ ಅಳೆಯಬೇಡಿ. ಸರಿಯಾದ ಗುತ್ತಿಗೆದಾರರನ್ನು ಹುಡುಕುವುದು, ಒಪ್ಪಂದ ಮಾಡಿಕೊಳ್ಳುವುದು, ಕೆಲಸದ ಮೇಲೆ ಕಣ್ಣಿಡುವುದು, ಕೆಟ್ಟದ್ದನ್ನು ಮತ್ತೆ ಮಾಡಿಸುವುದು ಇವೆಲ್ಲಕ್ಕೂ ಹಣ ಮತ್ತು ವೇಳೆ ಬೇಕು. ಮಾರುಕಟ್ಟೆಯನ್ನು ಬಳಸುವುದಕ್ಕೂ ಒಂದು ವೆಚ್ಚವಿದೆ, ಸಂಸ್ಥೆಗಳು ಹುಟ್ಟಿಕೊಳ್ಳುವುದೇ ಆ ವೆಚ್ಚವನ್ನು ತಪ್ಪಿಸಲು ಎಂದು ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲೇ ವಿವರಿಸಿದ್ದರು. ದೊಡ್ಡ ಕಂಪನಿಗಳೂ ಇದನ್ನು ಕಡಿಮೆ ಅಂದಾಜು ಮಾಡಿವೆ. ಬೋಯಿಂಗ್ ತನ್ನ 787 ವಿಮಾನದ ತಯಾರಿಕೆಯನ್ನಷ್ಟೇ ಅಲ್ಲದೆ ವಿನ್ಯಾಸದ ದೊಡ್ಡ ಪಾಲನ್ನೂ ಹಲವು ದೇಶಗಳ ಪೂರೈಕೆದಾರರಿಗೆ ವಹಿಸಿತು. 2008ರಲ್ಲಿ ಹಸ್ತಾಂತರವಾಗಬೇಕಿದ್ದ ಮೊದಲ ವಿಮಾನ ಗ್ರಾಹಕರ ಕೈ ಸೇರಿದ್ದು 2011ರ ಸೆಪ್ಟೆಂಬರಿನಲ್ಲಿ, ಮತ್ತು ನಡುವೆ 2009ರಲ್ಲಿ ಪೂರೈಕೆದಾರರೊಬ್ಬರ ಕಾರ್ಖಾನೆಯನ್ನು ಕಂಪನಿಯೇ ಕೊಂಡುಕೊಳ್ಳಬೇಕಾಯಿತು.

ಬಿಡಿಭಾಗಗಳ ವಿಷಯದಲ್ಲಿ ನೆನಪಿಡಬೇಕಾದದ್ದು ಐಬಿಎಂನ ಅನುಭವ. 1981ರಲ್ಲಿ ಬಂದ ಅದರ ಪರ್ಸನಲ್ ಕಂಪ್ಯೂಟರ್‌ಗೆ ಪ್ರೊಸೆಸರ್ ಇಂಟೆಲ್‌ನಿಂದ, ಆಪರೇಟಿಂಗ್ ಸಿಸ್ಟಂ ಮೈಕ್ರೋಸಾಫ್ಟ್‌ನಿಂದ ಬಂದವು. ಹೀಗೆ ಮಾಡಿದ್ದರಿಂದಲೇ ಅದು ಸುಮಾರು ಒಂದೇ ವರ್ಷದಲ್ಲಿ ಸಿದ್ಧವಾಯಿತು, ಅದು ನಿಜವಾದ ಲಾಭ. ಆದರೆ ಆ ತಂತ್ರಾಂಶವನ್ನು ಇತರರಿಗೂ ಮಾರುವ ಹಕ್ಕನ್ನು ಮೈಕ್ರೋಸಾಫ್ಟ್ ಉಳಿಸಿಕೊಂಡಿತ್ತು; ಕೆಲವೇ ವರ್ಷಗಳಲ್ಲಿ ಅಂಥದೇ ಯಂತ್ರಗಳನ್ನು ಅನೇಕರು ಮಾಡತೊಡಗಿ, ಮಾರುಕಟ್ಟೆಯ ಹಿಡಿತ ಐಬಿಎಂನ ಕೈಯಿಂದ ಜಾರಿತು. ಆದ್ದರಿಂದ ನೀವು ಹೊರಗೆ ಮಾಡಿಸುವ ಭಾಗಗಳ ನಕ್ಷೆ ಮತ್ತು ಅಚ್ಚುಗಳು ನಿಮ್ಮ ಸ್ವತ್ತು ಎಂಬುದು ಒಪ್ಪಂದದಲ್ಲಿ ಸ್ಪಷ್ಟವಾಗಿರಲಿ, ಸಾಧ್ಯವಾದರೆ ಪೂರೈಕೆದಾರರು ಇಬ್ಬರಿರಲಿ, ಮತ್ತು ಬಂದ ಮಾಲನ್ನು ಪರೀಕ್ಷಿಸಿ ತಿರಸ್ಕರಿಸುವಷ್ಟು ತಿಳಿದ ತಂತ್ರಜ್ಞರೊಬ್ಬರು ನಿಮ್ಮಲ್ಲಿಯೇ ಉಳಿಯಲಿ. ಆ ತಿಳಿವಳಿಕೆ ಹೊರಟುಹೋದರೆ ಗುತ್ತಿಗೆದಾರರು ಹೇಳಿದ ಬೆಲೆಯನ್ನೇ ಒಪ್ಪಬೇಕಾಗುತ್ತದೆ.

ಗ್ರಾಹಕರ ದೂರುಗಳನ್ನು ಮಾತ್ರ ದಯವಿಟ್ಟು ಹೊರಗೆ ಕೊಡಬೇಡಿ. ಕರೆಗಳ ಸಂಖ್ಯೆಗೆ ತಕ್ಕಂತೆ ಹಣ ಪಡೆಯುವ ಸಂಸ್ಥೆಗೆ ಪ್ರತಿ ಕರೆಯನ್ನೂ ಬೇಗ ಮುಗಿಸುವುದರಲ್ಲಿ ಲಾಭವಿದೆ, ಒಂದೇ ಸ್ವಿಚ್ಚು ಮತ್ತೆ ಮತ್ತೆ ಏಕೆ ಕೆಡುತ್ತಿದೆ ಎಂದು ಕೇಳುವುದರಲ್ಲಿ ಇಲ್ಲ. ನಿಮ್ಮ ಉಪಕರಣದ ದೋಷ ಮೊದಲು ತಿಳಿಯುವುದು ಆ ಕರೆಗಳಲ್ಲಿಯೇ. ನಿಮ್ಮಂಥ ಸಣ್ಣ ಉದ್ದಿಮೆಗೆ ದೊಡ್ಡವರ ಎದುರು ಇರುವ ಅನುಕೂಲವೇ ಗ್ರಾಹಕರ ಮಾತು ತಯಾರಿಸುವವರ ಕಿವಿಗೆ ನೇರವಾಗಿ ಬೀಳುವುದು. ತಿಂಗಳಿಗೆ ಒಂದಿಷ್ಟು ಹಣ ಉಳಿಯುತ್ತದೆಂದು ಅದನ್ನು ಬಿಟ್ಟುಕೊಡುವುದು ನನಗೆ ಸರಿಕಾಣುವುದಿಲ್ಲ.

ಸಾಗಣೆಯಿಂದ ಆರಂಭಿಸಿ, ಅಲ್ಪಾವಧಿಯ ಒಪ್ಪಂದವನ್ನೇ ಮಾಡಿಕೊಳ್ಳಿ. ಒಪ್ಪಂದ ಮುಗಿದಾಗ ದಾಖಲೆಗಳನ್ನು ಯಾವ ರೂಪದಲ್ಲಿ, ಎಷ್ಟು ದಿನದೊಳಗೆ ಹಿಂತಿರುಗಿಸಬೇಕೆಂಬುದೂ ಅದರಲ್ಲಿರಲಿ. ಸಹಿ ಹಾಕುವ ಮೊದಲು ಈಗ ಆ ಕೆಲಸ ಮಾಡುತ್ತಿರುವವರನ್ನು ಕೂರಿಸಿಕೊಂಡು ವಿಷಯ ತಿಳಿಸಿ, ಅವರಿಗೆ ಬೇರೆ ಯಾವ ಕೆಲಸ ಕೊಡಬಹುದೆಂದು ಅವರೊಡನೆಯೇ ನಿರ್ಧರಿಸಿ. ಸುದ್ದಿ ಅವರಿಗೆ ಹೊರಗಿನಿಂದ ತಿಳಿಯುವಂತಾಗಬಾರದು.